ಖಾಲಿ ಜಟಕಾ

ಶ್ರೀನಿವಾಸಪುರದ ಮಾವಿನ ಮಂಡಿ ಕೋದಂಡರಾಮಪ್ಪನವರ ಹೊಟ್ಟೆ ಅವರೊಬ್ಬರ ಸ್ವಂತದ್ದಾಗಿರಲಿಲ್ಲ. ಅದು ಊರಿನ ಆಸ್ತಿ. ತೋಟದವರು ಆ ಹೊಟ್ಟೆ ನೋಡಿ ನಂಬಿ ಫಸಲು ಒಪ್ಪಿಸುತ್ತಿದ್ದರು, ಬೀಗರು ಆ ಹೊಟ್ಟೆ ನೋಡಿಯೇ ಹೆಣ್ಣು ಕೊಟ್ಟಿದ್ದರು. ಹಾಗಿರುವಾಗ ಐವತ್ತರ ಹತ್ತಿರ ಬಂದ ಮೇಲೆ ಅದನ್ನು ಕರಗಿಸಬೇಕು ಅಂತ ಅವರಿಗೆ ಅನ್ನಿಸಿದ್ದು ಒಂದು ವಿಚಿತ್ರ, ಯಾರಿಗೂ ಹೇಳದೆ ಕರಗಿಸಲು ಹೊರಟದ್ದು ಇನ್ನೊಂದು ವಿಚಿತ್ರ. ಮೊದಲನೆಯದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಅನ್ನಿಸಿದ್ದು ಮಗನ ಮದುವೆಯಲ್ಲಿ. ಮುಳಬಾಗಿಲಿನ ಬೀಗರ ಮನೆಯಲ್ಲಿ ಪಂಕ್ತಿಗೆ ಕೂತ ಕೋದಂಡರಾಮಪ್ಪ ಊಟ ಮುಗಿಸಿ ಏಳಲು ಹೋದರೆ ಏಳಲಾಗಲಿಲ್ಲ. ಬಲಗೈ ಎಂಜಲು, ಎಡಗೈ ಊರಿದರೆ ನೆಲ ಜಾರುತ್ತದೆ. ತುಪ್ಪ ಬಡಿಸುತ್ತಿದ್ದ ಹೊಸ ಸೊಸೆ ಆದಿಲಕ್ಷ್ಮಿ ಗಿಂಡಿ ಕೆಳಗಿಟ್ಟು ಬಂದು, ಎರಡೂ ಕೈಯಲ್ಲಿ ಮಾವನ ರಟ್ಟೆ ಹಿಡಿದು ಎಬ್ಬಿಸಿ ನಿಲ್ಲಿಸಿದಳು. ಇಡೀ ಪಂಕ್ತಿ ನಕ್ಕಿತು. ಅವಳು ಮಾತ್ರ ನಗಲಿಲ್ಲ, ಗಿಂಡಿ ತೆಗೆದುಕೊಂಡು ಮುಂದಿನ ಎಲೆಗೆ ಹೋದಳು. ಬೇರೆಯವರ ನಗುವನ್ನು ಅವರು ಮರೆತಾರು, ಆ ಹುಡುಗಿ ನಗದೆ ಹೋದದ್ದು ಅವರ ಎದೆಯಲ್ಲಿ ಕೂತುಬಿಟ್ಟಿತು.

ಜಟಕಾ ಹೊಡೆಯುವ ರಹಮತ್ತುಲ್ಲಾ ಅವರ ಬಾಲ್ಯದ ಗೆಳೆಯ. ಹುಡುಗರಾಗಿದ್ದಾಗ ಇಬ್ಬರೂ ಒಂದೇ ಗರಡಿಯ ಮಣ್ಣಿನಲ್ಲಿ ಹೊರಳಿದವರು. ಅವನೊಬ್ಬನ ಹತ್ತಿರ ಬಾಯಿಬಿಟ್ಟರು.

"ನಡಿಯಕ್ಕೆ ಜಟಕಾ ಯಾಕ್ಲಾ ಕೋದಂಡ? ಕಾಲಿಲ್ವಾ?" ಎಂದ ರಹಮತ್ತುಲ್ಲಾ.

"ಬೆಳಬೆಳಗ್ಗೆ ನಾನು ರಸ್ತೇಲಿ ನಡ್ಕೊಂಡ್ ಹೋದ್ರೆ ಮಂಡಿ ಮುಳುಗ್ತು ಅಂತಾರೆ. ಗರಡಿಗೆ ಹೋದ್ರೆ ಈ ವಯಸ್ಸಲ್ಲಿ ಯಾರಿಗೆ ತೋರ್ಸಕ್ಕೆ ಅಂತಾರೆ. ಊರು ದಾಟೋವರ್ಗೂ ಕೂತಿರ್ತೀನಿ. ಆಮೇಲೆ ನೀನು ಮುಂದೆ, ನಾನು ಹಿಂದೆ."

ಹೀಗೆ ಶುರುವಾಯಿತು. ತೋಟ ನೋಡಲು ಹೋಗುತ್ತೇನೆ ಅಂತ ಹೆಂಡತಿ ಗಂಗರತ್ನಮ್ಮನಿಗೆ ಹೇಳಿ, ಗತ್ತಿನಿಂದ ಜಟಕಾ ಹತ್ತುವುದು. ಊರಾಚೆಯ ಹುಣಸೆಮರದ ತಿರುವಿನಲ್ಲಿ ಇಳಿದು ಪಂಚೆ ಎತ್ತಿ ಕಟ್ಟುವುದು. ಖಾಲಿ ಜಟಕಾ ಮುಂದೆ, ಸಾಹುಕಾರರು ಹಿಂದೆ. ಮೊದಮೊದಲು ಎದೆ ಬಡಿದುಕೊಳ್ಳುತ್ತಿತ್ತು, ಮೊಣಕಾಲು ಬೈಯುತ್ತಿತ್ತು, ಕುದುರೆ ನಿಂತು ತಿರುಗಿ ನೋಡುತ್ತಿತ್ತು. "ಇದುಕ್ಕೂ ಪಾಪ ಅನ್ಸತ್ತೆ ಕಣೋ" ಎಂದು ರಹಮತ್ತುಲ್ಲಾ ರೇಗಿಸುತ್ತಿದ್ದ. ವಾಪಸು ಬರುವಾಗ ಅದೇ ಹುಣಸೆಮರದ ಹತ್ತಿರ ಹತ್ತಿ, ಬೆವರು ಒರೆಸಿ, ಕೋಟು ಹಾಕಿಕೊಂಡು ಊರೊಳಗೆ ಬರುತ್ತಿದ್ದರು.

ಮಾವು ಹೂ ಬಿಟ್ಟು ಮಿಡಿ ಕಚ್ಚುವ ಹೊತ್ತಿಗೆ ಕಾಲು ಹಗುರವಾಯಿತು. ಇಷ್ಟು ವರ್ಷ ಗಾಡಿಯಲ್ಲಿ ಕೂತು ಅಂದಾಜು ಮಾಡುತ್ತಿದ್ದ ಮರಗಳ ಬುಡಕ್ಕೆ ಹೋಗಿ ಕೊಂಬೆ ಮುಟ್ಟಿ ನೋಡಿದರು. ಗರಡಿಯ ದಿನಗಳ ಮೈ ಎಲ್ಲೂ ಹೋಗಿರಲಿಲ್ಲ, ಒಳಗೇ ಮಲಗಿತ್ತು ಅನ್ನಿಸಿತು. ಯಾಕೆ ಇಷ್ಟು ತಡ ಮಾಡಿದೆ ಅಂತ ದುಃಖವೂ ಆಯಿತು. ಮನೆಯಲ್ಲಿ ಎರಡು ಮುದ್ದೆ ಉಣ್ಣುತ್ತಿದ್ದವರು ಒಂದಕ್ಕೇ ಕೈ ತೊಳೆಯತೊಡಗಿದರು. ಆದಿಲಕ್ಷ್ಮಿ ಎರಡನೆಯದನ್ನು ಹಿಡಿದುಕೊಂಡು ಬಂದರೆ, "ಸಾಕಮ್ಮ" ಅಷ್ಟೇ.

ಮಾವಿನ ಸುಗ್ಗಿ ಬಂತು. ಮಗ ಕದಿರೇಶ ಮಾಲಿನ ಜೊತೆ ಮದ್ರಾಸಿಗೆ ಹೋದ. ಮಂಡಿಯಲ್ಲಿ ಕೂತ ಕೋದಂಡರಾಮಪ್ಪನವರ ಕೋಟು ಭುಜದಿಂದ ಜೋತುಬಿದ್ದಿತ್ತು. ಮೈಗೆ ಹುಷಾರಿಲ್ಲವೇ ಅಂತ ಬಂದವರೆಲ್ಲ ಕೇಳುವರು. ಅವರಿಗೋ ಒಳಗೊಳಗೇ ಖುಷಿ, ಏನಿಲ್ಲ ಅಂದು ನಕ್ಕುಬಿಡುವರು. ಮನೆಯಲ್ಲಿ ಕೈಹಿಡಿದವಳು ಆ ಖುಷಿ ಕಾಣದೆ ಬರೀ ಕೋಟು ನೋಡಿ ಒಣಗುತ್ತಿದ್ದಾಳೆ ಎಂಬುದು ಈ ಮಹಾರಾಯರಿಗೆ ಹೊಳೆಯಲೇ ಇಲ್ಲ.

ಕಾರಣವಿಲ್ಲದೆ ಮನುಷ್ಯ ಇಳಿದುಹೋದರೆ, ಊಟ ಬಿಟ್ಟರೆ, ನಮ್ಮ ಕಡೆಯವರು ಮೊದಲು ಡಾಕ್ಟರ ಹತ್ತಿರ ಹೋಗುವುದಿಲ್ಲ. ಕೈಮದ್ದು ಅನ್ನುತ್ತಾರೆ. ಯಾರೋ ವಶ ಮಾಡಿಕೊಳ್ಳಲು ಊಟದಲ್ಲಿ ಕಲೆಸಿ ಹಾಕಿದ ಮದ್ದು. ತಿಂದವನು ಸೊರಗುತ್ತಾನೆ, ಹಾಕಿದವರ ಪರವಾಗಿಯೇ ಮಾತಾಡುತ್ತಾನೆ. ಈ ಮನೆಯ ಒಲೆಯ ಮುಂದೆ ಹೊಸದಾಗಿ ಬಂದ ಕೈ ಒಂದೇ. ಗಂಗರತ್ನಮ್ಮ ಕೂಡಿ ಕಳೆದು ನೋಡಿ, ಬಾಯಿ ಬಿಗಿಹಿಡಿದು, ಗಂಡನನ್ನು ಇದ್ದಿಲ ಬಸ್ಸು ಹತ್ತಿಸಿಕೊಂಡು ಹೋಳೂರಿಗೆ ಹೊರಟರು. ಯುದ್ಧದ ಕಾಲ, ಪೆಟ್ರೋಲು ಇಲ್ಲದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು.

ಹೋಳೂರಿನ ಕದಿರಮ್ಮ ಮದ್ದು ತೆಗೆಯುವವಳು. ಅವಳು ಕೋದಂಡರಾಮಪ್ಪನವರ ಅಂಗೈಗೆ ಸೊಪ್ಪಿನ ರಸ ಹಿಂಡಿ ಉಜ್ಜಿದಳು. ರಸ ಗಟ್ಟಿಯಾಯಿತು, ಅಂದರೆ ಮದ್ದು ಬಿದ್ದಿದೆ ಅಂತ ಲೆಕ್ಕ.

"ಇದೆ. ಮನೆ ಒಳಗಿನ ಕೈಯೇ" ಎಂದಳು.

ಆಗಲೇ ಅವರು ಬಾಯಿಬಿಡಬೇಕಿತ್ತು. ಅಂಗಳದ ತುಂಬ ಶ್ರೀನಿವಾಸಪುರದ ಪರಿಚಯದವರು ಕೂತಿದ್ದರು. ಜಟಕಾದ ಹಿಂದೆ ನಡೆಯುತ್ತೇನೆ ಅಂತ ಇವರ ಮುಂದೆ ಹೇಳುವುದು ಹೇಗೆ? ಮನೆಗೆ ಹೋಗಿ ಹೇಳಿದರಾಯಿತು ಅಂದುಕೊಂಡರು. ಅವಳು ಕೊಟ್ಟದ್ದನ್ನು ಕುಡಿದು, ಬೆಳಗ್ಗೆ ಕುಡಿದ ಅಂಬಲಿಯನ್ನೆಲ್ಲ ಕಕ್ಕಿ, ತೆಪ್ಪಗೆ ಬಂದರು.

ಮನೆಗೆ ಬಂದದ್ದೇ ಗಂಗರತ್ನಮ್ಮ ಸೊಸೆಯ ಟ್ರಂಕು ತಂದು ಬಾಗಿಲ ಹತ್ತಿರ ಇಟ್ಟರು. "ನಾಳೆ ಬೆಳಗ್ಗೆ ಇವಳನ್ನ ಮುಳಬಾಗಿಲಲ್ಲಿ ಬಿಟ್ ಬರ್ತೀನಿ."

ಕೋದಂಡರಾಮಪ್ಪ ಬಾಗಿಲಿಗೆ ಅಡ್ಡ ನಿಂತರು. ಮದ್ದು ಹಾಕಿದವಳು ಅನ್ನಿಸಿಕೊಂಡ ಹೆಣ್ಣಿನ ಕೈಯಿಂದ ಆಮೇಲೆ ಯಾರೂ ನೀರು ಕೂಡ ಕುಡಿಯುವುದಿಲ್ಲ. ಅವಳ ಬದುಕೇ ಮುಗಿದ ಹಾಗೆ. ಹುಣಸೆಮರ, ಜಟಕಾ, ಒಂದೇ ಮುದ್ದೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು.

ಗಂಗರತ್ನಮ್ಮ ಪೂರ್ತಿ ಕೇಳಿಸಿಕೊಂಡರು. "ನೋಡಿ, ಅವಳ ಪರ ಹೆಂಗ್ ಮಾತಾಡ್ತಿದೀರ. ಮದ್ದು ಮಾತಾಡ್ತಿದೆ, ನೀವಲ್ಲ."

"ರಹಮತ್‌ನ ಕೇಳು ಬೇಕಾದ್ರೆ."

"ನೀವು ಹೇಳ್ಕೊಟ್ಟಿದ್ದು ಹೇಳ್ತಾನೆ ಅವ್ನು."

ಇನ್ನು ಯಾವ ಮಾತಿಗೂ ಬೆಲೆಯಿರಲಿಲ್ಲ. ಅಡಿಗೆಮನೆಯ ಹೊಸಿಲ ಹತ್ತಿರ ಆದಿಲಕ್ಷ್ಮಿ ಗೋಡೆಗೆ ಒರಗಿ ನಿಂತಿದ್ದಳು. ಅಳಲಿಲ್ಲ, ಮಾವನ ಮುಖವನ್ನೇ ನೋಡುತ್ತಿದ್ದಳು.

ಬೆಳಗ್ಗೆ ಜಟಕಾ ಬಂತು. ಅತ್ತೆ ಸೊಸೆ ಹತ್ತಿದರು, ಟ್ರಂಕು ಹತ್ತಿತು. ಕೋದಂಡರಾಮಪ್ಪ ಹತ್ತಲಿಲ್ಲ. ಪೇಟೆ ಬೀದಿಯ ನಡುವೆ, ಅಂಗಡಿ ಬಾಗಿಲು ತೆಗೆಯುತ್ತಿದ್ದವರ ಕಣ್ಣೆದುರೇ, ಕೋಟು ಬಿಚ್ಚಿದರು, ಅಂಗಿ ಬಿಚ್ಚಿದರು, ಪಂಚೆ ಎತ್ತಿ ಕಚ್ಚೆ ಹಾಕಿದರು.

"ರಹಮತ್, ಹೊಡಿ."

"ಇಲ್ಲಿಂದ್ಲೇನಾ?"

"ಇಲ್ಲಿಂದ್ಲೇ."

ಬೀದಿಯವರು ಬಾಯಿ ಬಿಟ್ಟುಕೊಂಡು ನೋಡಿದರು. ಯಾರೋ ಸಾಹುಕಾರರಿಗೆ ತಲೆ ಕೆಟ್ಟಿತು ಅಂದರು, ಯಾರೋ ನಕ್ಕರು. ಆ ನಗು ಬೆನ್ನಿಗೆ ಬಂದು ತಾಗಿತು. ತಾಗಲಿ ಅಂತ ನಡೆದರು. ಹುಣಸೆಮರ ದಾಟಿತು. "ಹತ್ಕೊಳ್ಳಿ, ಸತ್ತೋಗ್ತೀರ" ಎಂದು ಗಂಗರತ್ನಮ್ಮ ಗದರಿದರು, ಆಮೇಲೆ ಬೇಡಿಕೊಂಡರು, ಆಮೇಲೆ ಸುಮ್ಮನೆ ನೋಡಿದರು. ಮುಂದಿನ ಏರಿನಲ್ಲಿ ಕುದುರೆ ಕಾಲು ನಿಧಾನ ಮಾಡಿತು. ಕೋದಂಡರಾಮಪ್ಪ ಜಟಕಾ ದಾಟಿ ಮುಂದೆ ಹೋಗಿ, ದಿಣ್ಣೆಯ ಮೇಲೆ ನಿಂತು ಇವರಿಗಾಗಿ ಕಾದರು. ಬೆವರಿನಲ್ಲಿ ಮೈ ಹೊಳೆಯುತ್ತಿತ್ತು.

"ನಿಲ್ಸಪ್ಪಾ" ಎಂದರು ಗಂಗರತ್ನಮ್ಮ. ಇಳಿದು ಹೋಗಿ ಗಂಡನ ಎದೆಯ ಮೇಲೆ ಅಂಗೈ ಇಟ್ಟು ನೋಡಿದರು. "ನಮ್ಮಪ್ಪ ಹಿಂಗೇ ಇಳ್ದು ಇಳ್ದು ಕೊನೇಗ್ ಹೋಗೇಬಿಟ್ರು. ನೀವೂ ಹೋಗ್ತೀರ ಅಂದ್ಕೊಂಡೆ. ನಂಗೊಂದ್ ಮಾತು ಹೇಳ್ಬಾರ್ದಿತ್ತಾ?"

"ನಾಚ್ಕೆ ಆಯ್ತು ಕಣೇ. ಮದುವೇಲಿ ಏಳಕ್ಕಾಗ್ದೆ ಕೂತಿದ್ನಲ್ಲ, ಅವತ್ತಿಂದ. ಯಾರ್ಗೂ ಗೊತ್ತಾಗ್ಬಾರ್ದು ಅಂತ ಮಾಡ್ದೆ. ಯಾರ್ಗೂ ಗೊತ್ತೂ ಆಗ್ಲಿಲ್ಲ."

"ನಂಗೊತ್ತಿತ್ತು ಮಾವ."

ಇಬ್ಬರೂ ತಿರುಗಿ ನೋಡಿದರು. ಆದಿಲಕ್ಷ್ಮಿ ಜಟಕಾದಲ್ಲಿ ಟ್ರಂಕಿನ ಮೇಲೆ ಕೈಯಿಟ್ಟು ಕೂತಿದ್ದಳು.

"ನಿಮ್ ಪಂಚೆ ಒಗೆಯೋಳು ನಾನಲ್ವಾ. ಜಟಕಾದಲ್ಲಿ ಕೂತ್ಕೊಂಡು ಹೋಗೋರ ಪಂಚೆ ಅಂಚಲ್ಲಿ ದಿನಾ ಹುಲ್ಲಿನ ಮುಳ್ಳು ಇರ್ತಿತ್ತು. ಕಿತ್ತು ಕಿತ್ತು ಒಗೀತಿದ್ದೆ."

"ಮತ್ತೆ ಅತ್ತೆಗೆ ಯಾಕಮ್ಮ ಹೇಳ್ಲಿಲ್ಲ? ಟ್ರಂಕು ಬಾಗಿಲಿಗೆ ಬಂದ್ರೂ ಸುಮ್ನಿದ್ಯಲ್ಲ."

"ನೀವು ಮುಚ್ಚಿಟ್ಟಿದ್ದನ್ನ ನಾನ್ ಹೆಂಗ್ ಹೇಳ್ಲಿ? ನೀವೇ ಹೇಳ್ತೀರ ಅಂತ ಕಾದೆ. ಹೋಳೂರಲ್ಲೇ ಹೇಳಿರ್ತೀರ ಅಂದ್ಕೊಂಡಿದ್ದೆ."

ಕೋದಂಡರಾಮಪ್ಪ ತಲೆ ತಗ್ಗಿಸಿದರು. ತಪ್ಪಾಯಿತು ತಾಯಿ ಅಂದರು, ಅದು ಅವರಿಗೇ ಕೇಳಿಸಿತೋ ಇಲ್ಲವೋ.

ಗಂಗರತ್ನಮ್ಮ ಜಟಕಾದ ಹತ್ತಿರ ಬಂದು ಬೊಗಸೆ ಒಡ್ಡಿದರು. "ಬಾಯೊಣಗಿದೆ. ನೀರು ಹಾಕೇ." ಆದಿಲಕ್ಷ್ಮಿ ದಾರಿಗೆಂದು ತಂದಿದ್ದ ಚೊಂಬು ಬಗ್ಗಿಸಿದಳು. ಗಂಗರತ್ನಮ್ಮ ಹೊಟ್ಟೆ ತುಂಬ ಕುಡಿದು, ಒದ್ದೆ ಕೈಯಿಂದಲೇ ಸೊಸೆಯ ಕೈ ಹಿಡಿದು ಕೆಳಗಿಳಿಸಿಕೊಂಡರು.

ರಹಮತ್ತುಲ್ಲಾ ಕುದುರೆ ತಿರುಗಿಸಿ, "ಹತ್ಕೊಳ್ಳಿ ತಂಗೀ" ಎಂದ.

"ಬೇಡಪ್ಪಾ. ಇವ್ಳನ್ನ ಕರ್ಕೊಂಡ್ ಹೋಗಿದ್ದನ್ನ ಬೀದಿಯೆಲ್ಲ ನೋಡಿದೆ. ವಾಪಸ್ ಬರೋದನ್ನೂ ನೋಡ್ಲಿ."

ಬಿಸಿಲು ಏರಿದ ಹೊತ್ತಿಗೆ ಪೇಟೆ ಬೀದಿಗೆ ಜಟಕಾ ಖಾಲಿ ಬಂತು, ಒಂದು ಟ್ರಂಕು ಬಿಟ್ಟರೆ. ಅದರ ಹಿಂದೆ ಕೋದಂಡರಾಮಪ್ಪ ಬರಿಮೈಯಲ್ಲಿ ನಡೆದು ಬಂದರು. ಅವರ ಹಿಂದೆ ಗಂಗರತ್ನಮ್ಮ, ಸೊಸೆಯ ರಟ್ಟೆ ಬಿಗಿಯಾಗಿ ಹಿಡಿದುಕೊಂಡು, ಅಂಗಡಿ ಅಂಗಡಿಯ ಮುಂದೆ ನಿಂತು ಏದುಸಿರು ಬಿಡುತ್ತ ಬಂದರು.