ಹದಿನಾಲ್ಕನೇ ತಟ್ಟೆಯ ತಳ

ಸೋಮವಾರ ಮಧ್ಯಾಹ್ನ ಮೇಷ್ಟ್ರನ್ನು ಸೂಜಿ ಚುಚ್ಚಿ ಕೊಂದರು. ಅವನ ಗಂಟಲಿನಿಂದ ಅದೇ ಬೆಳಿಗ್ಗೆ ತೆಗೆದ ಸ್ವಾಬಿನ ಫಲಿತಾಂಶ ಬುಧವಾರ ಬರುವುದಿತ್ತು.

ಮೇಷ್ಟ್ರು ಅಂದರೆ ನಾಯಿ. ಕಾಲು ಕಳೆದುಕೊಂಡವರಿಗೆ ಮತ್ತೆ ನಡೆಯಲು ಕಲಿಸುವ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ, ಹೋಂವರ್ಕ್ ನೋಡಲು ಬಂದವನ ಹಾಗೆ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ, ಸಮಾಧಾನವಾದರೆ ಮಾತ್ರ ಬಾಲ ಅಲ್ಲಾಡಿಸುತ್ತಿದ್ದ. ಹೆಸರಿಟ್ಟವರು ರೋಗಿಗಳು, ಸಾಕಿದವಳು ವಾರ್ಡಿನ ಆಯಾ. ಹೊಸ ಕಾಲು ಹಾಕಿಕೊಂಡ ಬಸ್ ಕಂಡಕ್ಟರಮ್ಮ ಮೊದಲ ಆರು ಹೆಜ್ಜೆ ಇಟ್ಟಿದ್ದು ಮೇಷ್ಟ್ರ ಬೆನ್ನಿನ ಪಟ್ಟಿ ಹಿಡಿದುಕೊಂಡೇ. "ರೈಟ್, ರೈಟ್" ಅಂತ ತಾನೇ ಕೂಗಿಕೊಂಡು ಇಡೀ ವಾರ್ಡನ್ನು ನಗಿಸಿದ್ದಳು.

ಆಮೇಲೆ ಆಕೆಯ ಹೊಲಿಗೆ ಕೀವುಗಟ್ಟಿತು. ಇನ್ನೂ ಮೂವರದ್ದು ಕೀವುಗಟ್ಟಿತು. ಶುಕ್ರವಾರ ಕಂಡಕ್ಟರಮ್ಮ ತೀರಿಕೊಂಡಳು. ನಾಲ್ವರ ಗಾಯದಲ್ಲೂ ಸಿಕ್ಕಿದ್ದು ಸ್ಟ್ರೆಪ್ಟೊಕಾಕಸ್, ಅದರಲ್ಲೂ 'ಎ' ಗುಂಪಿನದು.

ಈ ರೋಗಾಣು ಸಾಕುಪ್ರಾಣಿಗಳಿಂದ ಮನುಷ್ಯರಿಗೆ, ಮನುಷ್ಯರಿಂದ ಸಾಕುಪ್ರಾಣಿಗಳಿಗೆ ದಾಟುತ್ತದೆಯೇ ಎಂಬ ಸಂಶೋಧನೆ ಆ ಆಸ್ಪತ್ರೆಯಲ್ಲೇ ನಡೆಯುತ್ತಿತ್ತು. ಅದರ ಮುಖ್ಯಸ್ಥರೂ ಆ ವಾರ್ಡಿನ ಯಜಮಾನರೂ ಒಬ್ಬರೇ, ದೊಡ್ಡ ಡಾಕ್ಟರು. ಸೋಮವಾರ ಬೆಳಿಗ್ಗೆ ಹದಿಮೂರು ಜನ ಸಿಬ್ಬಂದಿಯ ಮತ್ತು ಒಂದು ನಾಯಿಯ ಗಂಟಲಿಗೆ ಹತ್ತಿಯ ಕಡ್ಡಿ ಹಾಕಿಸಿದರು. ಮಧ್ಯಾಹ್ನ ನಾಯಿಗೆ ಸೂಜಿ ಹಾಕಿಸಿದರು. ಕಾಯುವುದಕ್ಕೆ ನಾಯಿಯೇನು ಮನುಷ್ಯನೇ?

ಕಡ್ಡಿ ಹಾಕಿದವಳು ತಟ್ಟೆಯಮ್ಮ. ರಕ್ತ ಬೆರೆಸಿದ ಕೆಂಪು ತಟ್ಟೆಗಳಲ್ಲಿ ರೋಗಾಣು ಬೆಳೆಸುವ ಲ್ಯಾಬಿನವಳಿಗೆ ಆಸ್ಪತ್ರೆಯವರು ಕೊಟ್ಟ ಬಿರುದು ಅದು. ದೊಡ್ಡ ಡಾಕ್ಟರು ಬಾಯಿ ತೆರೆಯುವ ಮೊದಲು, "ನೋಡಮ್ಮಾ, ನನ್ನ ಗಂಟಲಲ್ಲಿ ಪಾಠ ಬಿಟ್ಟು ಬೇರೇನೂ ಸಿಗಲ್ಲ" ಅಂದಿದ್ದರು. ಅವರದ್ದು ಒಂಬತ್ತನೇ ತಟ್ಟೆ. ಮೇಷ್ಟ್ರದ್ದು ಹದಿನಾಲ್ಕು.

ಬುಧವಾರ ಎಂಟು ಗಂಟೆಗೆ ಅವಳು ಬಂದಾಗ ದೊಡ್ಡ ಡಾಕ್ಟರು ಲ್ಯಾಬಿನಿಂದ ಹೊರಬರುತ್ತಿದ್ದರು.

"ಬೇಗ ಬಂದೆ, ನೋಡಿಬಿಟ್ಟೆ" ಎಂದು ಬೀಗದ ಕೈ ಕೊಟ್ಟರು. "ನಾಯೇ ಕಣಮ್ಮಾ. ರಿಪೋರ್ಟ್ ಬರೆದು ಸಹಿ ಹಾಕಿಡು. ಹನ್ನೊಂದಕ್ಕೆ ವಾರ್ಡಲ್ಲಿ ಗಾಯಗಳ ಡ್ರೆಸ್ಸಿಂಗ್ ಇದೆ, ಹೋಗ್ತಾ ತಗೊಂಡು ಹೋಗ್ತೀನಿ."

ಬಾಗಿಲ ಪಕ್ಕದ ಬೆಂಚಿನಲ್ಲಿ ಆಯಾ ಕೂತಿದ್ದಳು, ಕೈಯಲ್ಲಿ ಮೇಷ್ಟ್ರ ಬೆನ್ನಿನ ಪಟ್ಟಿ. ಎರಡು ದಿನದಿಂದ ಅವಳಿಗೆ ವಾರ್ಡಿನೊಳಗೆ ಕಾಲಿಡಬೇಡ ಅಂದಿದ್ದರು. ಸತ್ತವಳ ತಮ್ಮ ಗೇಟಿನಲ್ಲಿ ಎಲ್ಲರೆದುರು ಅವಳ ಮುಖದ ಮೇಲೆ ಉಗಿದಿದ್ದ.

"ತಂಗೀ, ಮುಚ್ಚುಮರೆ ಬೇಡ. ನಾನು ಕರ್ಕೊಂಡು ಬಂದ ನಾಯಿ ಆ ಕಂಡಕ್ಟರಮ್ಮನ್ನ ಕೊಂದಿತಾ? ಹೌದಾದ್ರೆ ಹೌದು ಅನ್ನು. ಅವರ ಮನೆಗೆ ಹೋಗಿ ಕಾಲಿಗೆ ಬೀಳ್ತೀನಿ."

"ಸ್ವಲ್ಪ ಇರಕ್ಕಾ, ನೋಡಿ ಹೇಳ್ತೀನಿ."

ಸೋಮವಾರವೇ ತಟ್ಟೆಗಳ ಮೇಲೆ ಔಷಧದ ಚಿಕ್ಕ ಬಿಲ್ಲೆಗಳನ್ನು ಇಟ್ಟಿದ್ದಳು. 'ಎ' ಗುಂಪಿನ ಸ್ಟ್ರೆಪ್ಟೊಕಾಕಸ್ ಆ ಬಿಲ್ಲೆಗೆ ಹೆದರಿ ಸುತ್ತ ಜಾಗ ಬಿಟ್ಟು ಬೆಳೆಯುತ್ತದೆ. ನಾಯಿಗಳಲ್ಲಿ ಸಾಮಾನ್ಯವಾಗಿ ಮನೆ ಮಾಡಿಕೊಂಡಿರುವ ಅದರ ದಾಯಾದಿಗೆ ಆ ಹೆದರಿಕೆಯಿಲ್ಲ, ಬಿಲ್ಲೆಯ ಅಂಚಿನವರೆಗೂ ನುಗ್ಗುತ್ತದೆ. ಮುಚ್ಚಳದ ಮೇಲೆ ಹದಿನಾಲ್ಕು ಎಂಬ ಚೀಟಿಯಿದ್ದ ತಟ್ಟೆಯನ್ನು ಎತ್ತಿಕೊಂಡಳು. ಬಿಲ್ಲೆಯ ಸುತ್ತ ಬಳೆಯಂಥ ಖಾಲಿ ಜಾಗ.

ಅಯ್ಯೋ ಮೇಷ್ಟ್ರೇ, ಅಂದುಕೊಂಡಳು. ಹೊರಗೆ ಕೂತವಳಿಗೆ ಏನಂತ ಹೇಳುವುದು?

ಕೈಗೆ ಅಭ್ಯಾಸವೆಂಬುದಿದೆಯಲ್ಲ. ರಕ್ತ ಎಷ್ಟು ಕರಗಿದೆ ಎಂದು ನೋಡಲು ಅದು ತಟ್ಟೆಯನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿಯಿತು. ತಳದಲ್ಲಿ, ಅವಳದೇ ವಕ್ರ ಅಕ್ಷರದಲ್ಲಿ, ಮೇಣದ ಪೆನ್ಸಿಲಿನಲ್ಲಿ ಬರೆದಿತ್ತು: ಒಂಬತ್ತು.

ತಟ್ಟೆ ಕೆಳಗಿಟ್ಟಳು. ಕೈಗವಸು ಬಿಚ್ಚಿ ಹೊಸದು ಹಾಕಿಕೊಂಡಳು, ತಪ್ಪು ಕೈಗವಸಿನದ್ದೇನೋ ಎಂಬಂತೆ. ಒಂಬತ್ತು ಎಂಬ ಚೀಟಿಯಿದ್ದ ಮುಚ್ಚಳ ಹುಡುಕಿ, ಆ ತಟ್ಟೆಯನ್ನು ಮಗುಚಿದಳು. ಹದಿನಾಲ್ಕು. ಅದರ ಬಿಲ್ಲೆಯ ಅಂಚಿಗೆ ಮುತ್ತಿಕೊಂಡು ಬೆಳೆದಿತ್ತು ನಾಯಿಗಳಲ್ಲಿರುವ ಆ ದಾಯಾದಿ ರೋಗಾಣು. ಉಳಿದ ಹನ್ನೆರಡನ್ನೂ ಮಗುಚಿದಳು. ಒಂದರಲ್ಲೂ ತಳಕ್ಕೂ ತಲೆಗೂ ತಕರಾರಿರಲಿಲ್ಲ. ಇವೆರಡಕ್ಕೆ ಮಾತ್ರ ಮುಚ್ಚಳ ಬದಲಾಗಿತ್ತು.

ಅವಳ ತಲೆ ತಿರುಗಿಸಿದ್ದು ಆ ಮೋಸವೊಂದೇ ಅಲ್ಲ. ತಳದ ಮೇಲೆ ಬರೆಯಲು ಕಲಿಸಿದವರೇ, ಬೆಳಿಗ್ಗೆ ತನಗಿಂತ ಮೊದಲು ಲ್ಯಾಬಿಗೆ ಬಂದಿದ್ದ ಈ ದೊಡ್ಡ ಡಾಕ್ಟರು! ಇಪ್ಪತ್ತು ವರ್ಷದ ಹಿಂದೆ, ಮೊದಲ ಕ್ಲಾಸಿನಲ್ಲಿ, ಖಾಲಿ ತಟ್ಟೆಯೊಂದನ್ನು ಎತ್ತಿ ಹಿಡಿದು ಹೇಳಿದ್ದರು: "ಮುಚ್ಚಳವನ್ನ ನಂಬಬೇಡಿ, ಅದು ಯಾರ ತಲೆ ಮೇಲೆ ಬೇಕಾದ್ರೂ ಕೂತ್ಕೊಳ್ಳುತ್ತೆ." ಇಪ್ಪತ್ತು ವರ್ಷ ಮೇಜಿನ ಹಿಂದೆ ಕೂತು ತಮ್ಮ ಪಾಠವನ್ನು ತಾವೇ ಮರೆತಿದ್ದರು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ದೊಡ್ಡ ಡಾಕ್ಟರು ಬಂದರು. ಕೋಟು ಗರಿಗರಿಯಾಗಿತ್ತು. ಮೇಜಿನ ಮೇಲೆ ಎರಡು ತಟ್ಟೆಗಳು ಬೋರಲಾಗಿದ್ದವು. ಅವರು ನೋಡಿದರು. ಬಾಗಿಲು ಮುಚ್ಚಲು ಹೋದರು. ಬೆಳಿಗ್ಗೆಯಿಂದ ಬೆಂಚಿನಲ್ಲೇ ಕಾದಿದ್ದ ಆಯಾ ಅಷ್ಟರಲ್ಲಿ ಎದ್ದು ಹೊಸ್ತಿಲಿನಲ್ಲಿ ನಿಂತಿದ್ದಳು.

"ನೀನೇ ತಪ್ಪು ನಂಬರ್ ಬರೆದಿರ್ತೀಯ."

"ಬರೆದಿದ್ದು ಸೋಮವಾರ ಸರ್, ಏನೂ ಬೆಳೆಯೋಕೆ ಮುಂಚೆ. ಯಾರದ್ರಲ್ಲಿ ಏನು ಬೆಳೆಯುತ್ತೆ ಅಂತ ನಂಗೆ ಕನಸು ಬಿದ್ದಿತ್ತಾ?"

"ನಂಗೆ ಗಂಟಲು ನೋವೇ ಇಲ್ಲ."

"ನೋವಿಲ್ದೇ ಇರೋರ ಗಂಟಲಲ್ಲೂ ಇರುತ್ತೆ, ಅವರಿಂದ್ಲೂ ಹರಡುತ್ತೆ. ಅದೂ ನಿಮ್ಮ ಪಾಠವೇ."

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಧ್ವನಿ ತಗ್ಗಿತು. "ಆ ವಾರ್ಡನ್ನ ಒಂದೊಂದು ಹಾಸಿಗೆ ಬೇಡಿ ತಂದು ಕಟ್ಟಿದವನು ನಾನು. ನಾನು ಬೇಕಂತ ಮಾಡಿದ್ನಾ?"

"ಇಲ್ಲ ಸರ್. ಗಾಯದಲ್ಲಿರೋದೂ ನಿಮ್ಮ ಗಂಟಲಲ್ಲಿರೋದೂ ಒಂದೇ ತಳಿಯಾ ಅಂತ ಇನ್ನೂ ನೋಡ್ಬೇಕು. ಅಲ್ಲೀವರೆಗೆ ನೀವೇ ಅಂತ ನಾನು ಬರೆಯಲ್ಲ. ನಾಯಿಯಲ್ಲ ಅಂತ ಮಾತ್ರ ಬರೀತೀನಿ. ಆದ್ರೆ ಮುಚ್ಚಳ ಬದಲಾಯಿಸಿದ್ದು ರೋಗಾಣು ಅಲ್ವಲ್ಲ."

ಹೊಸ್ತಿಲಿನಲ್ಲಿ ಆಯಾ ಪಟ್ಟಿಯನ್ನು ಎದೆಗೆ ಅವುಚಿಕೊಂಡಳು. ಬಾಯಿಂದ ಒಂದು ಸದ್ದು ಬಂತು. ಅದು ಅಳುವಲ್ಲ, ಮಾತೂ ಅಲ್ಲ. "ಸೂಜಿ ಚುಚ್ಚೋವಾಗ್ಲೂ ಅವನು ಬಾಲ ಅಲ್ಲಾಡಿಸ್ತಿದ್ನಲ್ಲೋ ಡಾಕ್ಟ್ರೇ" ಅಂದಳು.

ದೊಡ್ಡ ಡಾಕ್ಟರು ಅತ್ತ ತಿರುಗಲಿಲ್ಲ. ಮೂಲೆಯಲ್ಲಿದ್ದ ಆಟೋಕ್ಲೇವ್ ತೋರಿಸಿದರು. ಕೆಲಸ ಮುಗಿದ ತಟ್ಟೆಗಳನ್ನು ಬೇಯಿಸಿ ಕೊಲ್ಲುವ ಆ ಯಂತ್ರವನ್ನು ಲ್ಯಾಬಿನವರು ಕುಕ್ಕರ್ ಅನ್ನುತ್ತಿದ್ದರು.

"ಎರಡನ್ನೂ ಕುಕ್ಕರಿಗೆ ಹಾಕು. ಈಗಲೇ. ಮತ್ತೆ ಹೊಸದಾಗಿ ಸ್ವಾಬ್ ತೆಗೆಯೋಣ."

"ಮೇಷ್ಟ್ರ ಸ್ವಾಬ್ ಎಲ್ಲಿಂದ ತೆಗೆಯೋದು ಸರ್?"

ವಾರ್ಡಿನ ಕಡೆಯಿಂದ ಡ್ರೆಸ್ಸಿಂಗ್ ಗಾಡಿಯ ಚಕ್ರದ ಕಿರುಗುಟ್ಟುವಿಕೆ ಕೇಳಿಸಿತು. ಅಲ್ಲಿ ಹಾಸಿಗೆಗಳ ಮೇಲೆ ಜನ ಬ್ಯಾಂಡೇಜು ಬಿಚ್ಚಿಸಿಕೊಂಡು, ಗಾಯ ತೆರೆದಿಟ್ಟುಕೊಂಡು, ದೊಡ್ಡ ಡಾಕ್ಟರಿಗಾಗಿ ಕಾಯುತ್ತಿದ್ದರು. ತಟ್ಟೆಯಮ್ಮ ಎರಡೂ ತಟ್ಟೆಗಳನ್ನು ಫ್ರಿಜ್ಜಿನಲ್ಲಿಟ್ಟು ಬೀಗ ಹಾಕಿದಳು. ಬೀಗದ ಕೈಯನ್ನು ತನ್ನ ಕೋಟಿನ ಜೇಬಿಗಿಳಿಸಿದಳು.

"ಅಕ್ಕಾ, ಓಡಿಹೋಗಿ ಹೇಳು. ಇವತ್ತು ಬೇರೆ ಡಾಕ್ಟ್ರು ಬರೋವರೆಗೂ ಯಾರ ಗಾಯಾನೂ ಮುಟ್ಟಬಾರದು ಅನ್ನು."

ಆಯಾ ಓಡಿದಳು. ದೊಡ್ಡ ಡಾಕ್ಟರು ಕೈ ಚಾಚಿದರು.

"ಕೀ ಕೊಡು. ನಾನು ಹೇಳ್ತಿದೀನಿ, ಕೊಡು."

"ಕೊಡಲ್ಲ" ಅಂದಳು.