ಎತ್ತಿಟ್ಟವನ ಹೆಸರು

ನಮ್ಮ ಆಫೀಸಿನಲ್ಲಿ ಅಕ್ಕ ಅಂದರೆ ಒಬ್ಬರೇ. ಕಿಟಕಿ ಪಕ್ಕದ ಮೇಜಿನಲ್ಲಿ ಹನ್ನೆರಡು ವರ್ಷ ಕೂತು, ಊರಿನ ಬಸ್ಸುಗಳ ವೇಳಾಪಟ್ಟಿ ಹಾಕುವ ಪ್ರೋಗ್ರಾಂ ಬರೆದವರು. ನನಗೆ ಅಆಇಈಯಿಂದ ಕೆಲಸ ಕಲಿಸಿದವರೂ ಅವರೇ. ಪ್ರೋಗ್ರಾಂ ಪೂರ್ತಿ ಒಂದೇ ಫೈಲಿನಲ್ಲಿತ್ತು, ಒಂಬತ್ತು ಸಾವಿರ ಸಾಲು. ಏನಾದರೂ ಹುಡುಕಲು ಹೊರಟರೆ ತಲೆ ಕೆಟ್ಟುಹೋಗುತ್ತಿತ್ತು.

"ಇದನ್ನ ಬೇರೆ ಬೇರೆ ಫೈಲಿಗೆ ಹಂಚಿಬಿಡೋ," ಅಂದರು ಒಂದು ದಿನ. "ವೇಳೆದು ಒಂದು ನೇಮ್‌ಸ್ಪೇಸು, ಅಂದ್ರೆ ಹೆಸರಿಟ್ಟ ಒಂದು ಗುಂಪು, ದಾರಿದು ಒಂದು, ತಡ ಆಗೋದಕ್ಕೆ ಇನ್ನೊಂದು. ಆಮೇಲೆ ಯಾರಿಗೆ ಏನು ಬೇಕೋ ಹೆಸರು ಹಿಡಿದು ಕರ್ಕೊಳ್ಳಲಿ."

"ಎತ್ತಿಟ್ರೆ ಏನಾದ್ರೂ ಕೆಡಲ್ವಾ ಅಕ್ಕಾ?"

"ಪ್ರೋಗ್ರಾಂನಲ್ಲಿ ನಾನು ಬರ್ದಿರೋ ಫಂಕ್ಷನ್ ತುಂಡುಗಳು ಪಕ್ಕದ ಮನೆ ವಿಷಯಕ್ಕೆ ತಲೆ ಹಾಕಲ್ಲ ಕಣೋ. ಕೊಟ್ಟಿದ್ದು ತಗೊಂಡು, ಉತ್ತರ ಕೊಟ್ಟು ಸುಮ್ಮನಾಗ್ತವೆ. ಎಲ್ಲಿಟ್ರೂ ಬದುಕ್ತವೆ."

ಮೂರು ವಾರ ಕತ್ತರಿಸಿ ಅಂಟಿಸಿದೆ. ಒಂದು ಸಾಲನ್ನೂ ತಿದ್ದಲಿಲ್ಲ. ತಿದ್ದುವಂಥದ್ದು ಇರಲೂ ಇಲ್ಲ. ಹದಿನಾಲ್ಕು ಫೈಲಾಯಿತು. ಅಕ್ಕ ಒಂದೊಂದನ್ನೂ ನೋಡಿ ಒಪ್ಪಿಗೆ ಕೊಟ್ಟರು. ಒಂದು ವಿಷಯ ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ಯಾವ ಸಾಲು ಯಾರದು ಎಂದು ದಾಖಲೆ ಇಡುವ ಕಂಪ್ಯೂಟರಿಗೆ ಬರೆದವರೂ ಒಂದೇ, ಎತ್ತಿಟ್ಟವರೂ ಒಂದೇ. ಹೊಸ ಫೈಲುಗಳ ಪ್ರತಿ ಸಾಲಿನ ಮುಂದೆಯೂ ನನ್ನ ಹೆಸರು ಬಿತ್ತು.

ಮುಂದಿನ ತಿಂಗಳು ಹೊಸ ಮ್ಯಾನೇಜರ್ ಬಂದ. ನಮ್ಮಿಬ್ಬರಲ್ಲಿ ಒಬ್ಬರನ್ನು ಮನೆಗೆ ಕಳಿಸಲು ಅವನಿಗೆ ಮೇಲಿನಿಂದ ಅಪ್ಪಣೆಯಾಗಿತ್ತು. ಅದು ಆಫೀಸಿಗೆಲ್ಲ ಗೊತ್ತಿತ್ತು. ಆ ಪುಣ್ಯಾತ್ಮನಿಗೆ ಓದಲು ಬರುತ್ತಿದ್ದದ್ದು ಚಾರ್ಟ್ ಒಂದೇ. ನನ್ನನ್ನು ಒಳಗೆ ಕರೆದು, ಯಾರ ಹೆಸರಲ್ಲಿ ಎಷ್ಟು ಸಾಲಿದೆ ಎಂದು ತೋರಿಸುವ ಪರದೆ ತಿರುಗಿಸಿದ. ನನ್ನದು ತೊಂಬತ್ತಾರು ಪರ್ಸೆಂಟು, ಅಕ್ಕನದು ನಾಲ್ಕು.

"ಹನ್ನೆರಡು ವರ್ಷ ಅವರು ಮಾಡಿದ್ದೇನ್ರೀ?" ಅಂದ.

ಬರೆದವರು ಅವರು, ನಾನು ಬರೀ ಎತ್ತಿಟ್ಟವನು. ಇಷ್ಟು ಹೇಳಿದ್ದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಮನೆಯಲ್ಲಿ ಏಳು ತಿಂಗಳ ಬಸುರಿ ಹೆಂಡತಿ ಕಣ್ಣ ಮುಂದೆ ಬಂದಳು ಎಂದು ಈಗ ನೆಪ ಹೇಳಬಹುದು. ನಿಜವೆಂದರೆ ಆ ತೊಂಬತ್ತಾರು ನೋಡಿ ನನಗೆ ಒಳಗೊಳಗೇ ಖುಷಿಯಾಗಿತ್ತು. "ನಂಗೆ ಗೊತ್ತಿಲ್ಲ ಸಾರ್," ಅಂದೆ. ಥೂ, ನನ್ನ ಜನ್ಮಕ್ಕೆ.

ಶುಕ್ರವಾರ ಅಕ್ಕ ಡ್ರಾಯರ್ ಖಾಲಿ ಮಾಡುತ್ತಿದ್ದರು. ಕನ್ನಡಕದ ಡಬ್ಬಿ, ಹಿಡಿ ಮುರಿದ ಕಾಫಿ ಕಪ್ಪು, ಆಫೀಸಿನೊಳಗೆ ಹಾಕಿಕೊಳ್ಳುತ್ತಿದ್ದ ಹಳೇ ಚಪ್ಪಲಿ.

"ಮ್ಯಾನೇಜರ್‌ಗೆ ಅದೆಲ್ಲ ನಾನೇ ಬರ್ದಿದ್ದು ಅಂದೆ. ಎಲ್ಲರೂ ಹೀಗೇ ಹೇಳೋದು ಅಂದ," ಎಂದರು ತಲೆ ಎತ್ತದೆ. "ನಿನ್ನ ಹತ್ರ ಕೇಳಿದ್ನಂತಲ್ಲ. ಬರೀ ಎತ್ತಿಟ್ಟಿದ್ದು ಅಂತ ಹೇಳಿದ್ಯಾ?"

"ಹೇಳ್ದೆ ಅಕ್ಕಾ. ಕಿವಿಗೇ ಹಾಕ್ಕೊಳ್ಳಲಿಲ್ಲ."

ಅವರು ನನ್ನ ಬೆನ್ನು ತಟ್ಟಿದರು. "ನೀನೊಬ್ಬನಾದ್ರೂ ನನ್ನ ಪರ ಮಾತಾಡಿದ್ಯಲ್ಲ. ಅಷ್ಟು ಸಾಕು ಬಿಡು."

ಅವರ ಪೆಟ್ಟಿಗೆಯನ್ನು ಲಿಫ್ಟಿನ ತನಕ ನಾನೇ ಹೊತ್ತುಕೊಂಡು ಹೋದೆ.