ಮೂರು ಸಲ ಕರೆದ ಹೆಸರು

"ಶಾರದಕ್ಕಾ, ಬೇಡ ಅಂದ್ರೆ ಈಗ್ಲೇ ಹೇಳ್ಬಿಡಿ, ನಾನು ಓದಲ್ಲ," ಎನ್ನುತ್ತ ಮಹೇಶ ಕೋಟಿನ ಜೇಬಿನಿಂದ ಮಡಿಸಿದ ಹಾಳೆ ತೆಗೆದ. ಒಳಗೆ, ಸ್ಮಶಾನದ ಸಭಾಂಗಣದಲ್ಲಿ, ಶಾರದಾಳ ಗಂಡ ಅಶ್ವತ್ಥನ ಶವಪೆಟ್ಟಿಗೆಯ ಮುಂದೆ ಜನ ಕೂರಲು ಜಾಗ ಹುಡುಕುತ್ತಿದ್ದರು. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಕನ್ನಡ ಕೂಟಕ್ಕೆ ಮಹೇಶ ಕಾರ್ಯದರ್ಶಿ. ಮಾತೆಂದರೆ ಅವನಿಗೆ ನೀರು ಕುಡಿದಷ್ಟು ಸುಲಭ. ಇವತ್ತು ಮಾತ್ರ ತಡವರಿಸುತ್ತಿದ್ದ.

"ಏನದು?"

"ಈ ವರ್ಷದ ಪದ್ಯಸ್ಪರ್ಧೆ ರಿಸಲ್ಟು. ಆಸ್ಪತ್ರೆಗೆ ಕರೆಸಿ ಕೊಟ್ರು ಅಶ್ವತ್ಥಣ್ಣ. 'ರಾಜ್ಯೋತ್ಸವಕ್ಕೆ ನಾನಿರಲ್ಲ ಕಣಯ್ಯ, ನನ್ನ ಕಳಿಸಿಕೊಡೋಕೆ ಎಲ್ರೂ ಬರ್ತಾರಲ್ಲ, ಆಗ್ಲೇ ಅನೌನ್ಸ್ ಮಾಡು' ಅಂದ್ರು. ಮತ್ತೆ ಅದೇ ಹೆಸ್ರು ಅಕ್ಕ. ಹಿತ್ತಲ ಗಿಡ."

ಶಾರದಾ ಹಾಳೆಗೆ ಕೈ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡಳು. ಸತ್ತವನ ಮಾತು ಮೀರುವುದುಂಟೇ? "ಓದು," ಎಂದಳು.

* * *

ಅದೇ ಊರಿನ ಲಿಂಡ್‌ಹೋಲ್ಮೆನ್ ಬಡಾವಣೆಯ ಆಫೀಸಿನಲ್ಲಿ ಅಶ್ವತ್ಥ ಇಪ್ಪತ್ತು ವರ್ಷ ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿದ. ಮನೆಗೆ ಬಂದ ಮೇಲೂ ಚಾಳಿ ಬಿಡಲಿಲ್ಲ: ಸಾರಿನಲ್ಲಿ ಉಪ್ಪು, ಮಗಳು ನಿಖಿತಾಳ ಕನ್ನಡದಲ್ಲಿ ಒತ್ತಕ್ಷರ. ಇಂಥವನಿಗೆ ಬ್ರಿಟನ್ನಿನ ವೇಲ್ಸ್ ನಾಡಿನ ಹುಚ್ಚು ಹತ್ತಿದ್ದು ಆಫೀಸಿನವರು ಫೀಕಾ ಎನ್ನುವ ಬಿಡುವಿನಲ್ಲಿ, ಆ ನಾಡಿನವನೊಬ್ಬನ ಪಕ್ಕ ಕೂತು ಕಾಫಿ ಕುಡಿಯುತ್ತ. ಇನ್ನೂರು ವರ್ಷದ ಹಿಂದೆ ಅಲ್ಲಿ ಪಾದ್ರಿಗಳು, ನೇಕಾರರು, ಜೋಡು ಹೊಲಿಯುವವರು ತಮ್ಮ ಭಾಷೆಯಲ್ಲಿ ಪದ್ಯ ಕಟ್ಟಿ, ಐಸ್ಟೆದ್‌ವೊಡ್ ಎಂಬ ಮೇಳಕ್ಕೆ ಗುಟ್ಟಿನ ಹೆಸರಿನಲ್ಲಿ ಕಳಿಸುತ್ತಿದ್ದರಂತೆ. ನಿಜ ಹೆಸರು ಬೇರೆ ಲಕೋಟೆಯಲ್ಲಿ. ಲಂಡನ್ನಿಗೆ ವಲಸೆ ಹೋದ ವೇಲ್ಸಿನವರು ಗೆದ್ದವರಿಗೆ ಪದಕ ಮಾಡಿಸಿ ಕಳಿಸುತ್ತಿದ್ದರಂತೆ.

"ನೋಡೇ, ಊರು ಬಿಟ್ಟೋರಿಗೇ ಭಾಷೆ ಮೇಲೆ ಪ್ರೀತಿ ಜಾಸ್ತಿ," ಎಂದು ಅಶ್ವತ್ಥ ಕುಣಿದಾಡಿದ. ಅದನ್ನೇ ಕೂಟಕ್ಕೂ ತಂದ. ಗೆದ್ದ ಗುಟ್ಟಿನ ಹೆಸರನ್ನು ಮೂರು ಸಲ ಕರೆಯುವುದು. ಬರೆದವರು ಕೂತಲ್ಲೇ ಎದ್ದು ನಿಲ್ಲಬೇಕು. ನಿಲ್ಲದಿದ್ದರೆ ಲಕೋಟೆಯನ್ನು ಒಡೆಯದೆ ಹರಿದುಹಾಕುವುದು. ತೀರ್ಪುಗಾರ ಅವನೇ. ಮೇಲೆ ತನ್ನದೊಂದು ನಿಯಮ ಸೇರಿಸಿದ: ತೀರ್ಪುಗಾರನ ಮನೆಯವರು ಬರೆಯಕೂಡದು.

ಶಾರದಾ ಬರೆದಳು. ಹಿಂದೊಮ್ಮೆ ಅವಳು ಪದ್ಯ ತೋರಿಸಿದಾಗ ಅವನು ಟಿವಿಯಿಂದ ಕಣ್ಣು ಕೀಳದೆ "ಚೆನ್ನಾಗಿದೆ, ಚೆನ್ನಾಗಿದೆ" ಎಂದಿದ್ದ. ಹಿತ್ತಲ ಗಿಡ ಮದ್ದಲ್ಲ ತಾನೇ, ಎಂದು ಸಿಟ್ಟಿನಲ್ಲಿ ಅದೇ ಹೆಸರಿಟ್ಟುಕೊಂಡಳು. ಲೈಬ್ರರಿಯಲ್ಲಿ ಟೈಪು ಮಾಡಿ ಅಂಚೆಗೆ ಹಾಕಿದಳು. ಗೆದ್ದೂ ಬಿಟ್ಟಳು. ಆರು ವರ್ಷ, ಆರೂ ಸಲ. ಅವನು ಕರೆದಾಗಲೆಲ್ಲ ಅವಳ ಕಾಲು ತಾನಾಗಿ ಏಳಲು ನೋಡುತ್ತಿತ್ತು. ಎದ್ದರೆ ಗಂಡನ ಮಾನ ಹೋದಂತೆ. ಹೆಂಡತಿಗೇ ಬಹುಮಾನ ಕೊಟ್ಟ ಎಂದು ಜನ ಆಡಿಕೊಳ್ಳದೆ ಬಿಟ್ಟಾರೆಯೇ? ಹಲ್ಲು ಕಚ್ಚಿ ಕೂತೇ ಇದ್ದಳು.

ಒಂದು ವರ್ಷ ಟ್ರಾಮಿನಲ್ಲಿ ಮನೆಗೆ ಬರುವಾಗ ಅವನೇ ಕೇಳಿದ್ದ: "ಯಾರಿರ್ಬಹುದೇ ಅವ್ರು? ಅವರ ಮನೆಯೋರನ್ನ ನೆನೆಸ್ಕೊಂಡ್ರೆ ಹೊಟ್ಟೆಕಿಚ್ಚಾಗತ್ತೆ. ಇಂಥೋರ ಜೊತೆ ದಿನಾ ಕೂತು ಊಟ ಮಾಡ್ತಾರಲ್ಲ!"

ಶಾರದಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಟಿಕೆಟ್ ತಗೊಂಡ್ರಾ?" ಎಂದು ಕೇಳಿದ್ದಳು.

* * *

ಸ್ವೀಡನ್ನಿನ ಸಾವಿನ ಶಾಸ್ತ್ರ ಕೂಟದವರಿಗೆ ಹೊಸದು. ಯಾವಾಗ ಏಳಬೇಕು, ಯಾವಾಗ ಹೂವಿಡಬೇಕು ಗೊತ್ತಾಗದೆ ಎಲ್ಲರೂ ಶಾರದಾಳನ್ನು ನೋಡಿ ಹಾಗೇ ಮಾಡುತ್ತಿದ್ದರು.

ಮಹೇಶ ಪದ್ಯ ಓದಿದ. ಹಾಸಿಗೆ ಹಿಡಿದವನ ಉಗುರು ಕತ್ತರಿಸುವ ಕೈಯೊಂದರ ಬಗ್ಗೆ ಇದ್ದ ಪದ್ಯ. ಆಗಸ್ಟಿನಲ್ಲಿ, ಅಶ್ವತ್ಥನ ಉಗುರು ತಾನೇ ಕತ್ತರಿಸುತ್ತಿದ್ದ ದಿನಗಳಲ್ಲಿ, ಅದನ್ನು ಬರೆಯುವಾಗ ಶಾರದಾಳಿಗೆ ಎಚ್ಚರವಿರಲಿಲ್ಲ. ಗುಟ್ಟು ರಟ್ಟಾಗುವ ಪದ್ಯವೆಂದು ಹೊಳೆದದ್ದೇ ಈಗ.

"ಈ ಸಲಾನೂ ನಂದು ಸೆಕೆಂಡಾ?" ಎಂದು ಹಿಂದಿನ ಸಾಲಿನಲ್ಲಿ ಭಾಸ್ಕರ ಗೊಣಗಿದ. ಆರು ವರ್ಷ ಎರಡನೇ ಬಹುಮಾನ ತಿಂದು ಅವನಿಗೆ ಅಜೀರ್ಣವಾಗಿತ್ತು.

"ಕೆಳಗೆ ಅಶ್ವತ್ಥಣ್ಣನ ಕೈಬರಹದಲ್ಲಿ ಒಂದು ಸಾಲಿದೆ," ಎಂದ ಮಹೇಶ. "'ತೀರ್ಪುಗಾರನ ಮನೆಯವರು ಬರೆಯಕೂಡದೆಂಬ ನಿಯಮವನ್ನು ತೆಗೆದುಹಾಕಿದ್ದೇನೆ. ಅದು ನಾನು ಮಾಡಿದ ತಪ್ಪು.'" ಅವನಿಗೇನೂ ಹೊಳೆಯಲಿಲ್ಲ. ಗಂಟಲು ಸರಿಮಾಡಿಕೊಂಡು ಕರೆದ: "ಹಿತ್ತಲ ಗಿಡ."

ಹಾಗಾದರೆ ಅಶ್ವತ್ಥನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡದೆ ಹೋದನಲ್ಲ ಮಹಾರಾಯ! ಶಾರದಾಳಿಗೆ ಕೋಪವೂ ಅಳುವೂ ಒಟ್ಟಿಗೇ ಬಂದವು.

"ಹಿತ್ತಲ ಗಿಡ."

"ಅಮ್ಮಾ, ಆರ್ ಯು ಓಕೆ?" ನಿಖಿತಾ ಅವಳ ಕೈ ಹಿಡಿದಳು.

"ಹಿತ್ತಲ ಗಿಡ."

ಶಾರದಾ ಮಗಳ ಕೈ ಬಿಡಿಸಿಕೊಂಡು ಎದ್ದು ನಿಂತಳು. ಅವಳು ಎದ್ದದ್ದೇ ತಡ, ನಿಖಿತಾ ಎದ್ದಳು, ಮುಂದಿನ ಸಾಲು ಎದ್ದಿತು, ಭಾಸ್ಕರ ಎದ್ದ, ಆಫೀಸಿನ ಸ್ವೀಡಿಷರೂ ಎದ್ದು ತಲೆ ತಗ್ಗಿಸಿದರು. ಇಡೀ ಸಭಾಂಗಣ ನಿಂತಿತು.

"ಕೂತ್ಕೊಳ್ಳಿ," ಎಂದಳು ಶಾರದಾ. ಯಾರಿಗೂ ಅರ್ಥವಾಗಲಿಲ್ಲ. "ದಯವಿಟ್ಟು ಎಲ್ರೂ ಕೂತ್ಕೊಳ್ಳಿ. ನಾನೊಬ್ಳೇ ನಿಲ್ಬೇಕು."

ಸಾಲು ಸಾಲಾಗಿ ಕುರ್ಚಿಗಳು ಕಿರುಗುಟ್ಟಿದವು. ಬಾಯಿ ತೆರೆದುಕೊಂಡು ನಿಂತಿದ್ದ ಭಾಸ್ಕರ ಎಲ್ಲರಿಗಿಂತ ಕೊನೆಗೆ ಕೂತ. ಶಾರದಾ ಸೆರಗು ಸರಿಮಾಡಿಕೊಂಡು, ಪೆಟ್ಟಿಗೆಗೆ ಎದುರಾಗಿ, ನಿಂತೇ ಇದ್ದಳು.